ದಾದಿಯ ಪ್ರಶ್ನೆ

ಮುಂದಿನ ವರ್ಷ ನನಗೂ ಓಟು ಬರುತ್ತದೆ. "ಸಾಹುಕಾರರು ಹೇಳಿದವರಿಗೇ ಹಾಕಬೇಕು" ಎಂದು ದಾದಿ ಈಗಲೇ ಹೇಳಿದ್ದಾರೆ. ನಮ್ಮ ಅಂಗಡಿಯ ಮಳಿಗೆ ಅವರದು.

ಅಶೋಕನ ಶಾಸನ ನೋಡಲು ಜಟಿಂಗ ರಾಮೇಶ್ವರ ಬೆಟ್ಟ ಹತ್ತುವಾಗ ಇತಿಹಾಸದ ಸರ್ ಇನ್ನೊಂದು ಗುಡ್ಡದ ಕಥೆ ಹೇಳಿದರು. ಇಂಗ್ಲೆಂಡಿನ ಓಲ್ಡ್ ಸೇರಂ. 18ನೇ ಶತಮಾನದಲ್ಲಿ ಅಲ್ಲಿ ಊರೇ ಉಳಿದಿರಲಿಲ್ಲ, ಆದರೂ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರು! ಜಮೀನು ಪಿಟ್ ಮನೆತನದ್ದು, ಮತದಾರರು ಬೆರಳೆಣಿಕೆಯಷ್ಟು. ಆಗ ಓಟು ಗುಟ್ಟಾಗಿಯೂ ಇರಲಿಲ್ಲ. 1735ರಲ್ಲಿ ಆ ಮನೆಯ ವಿಲಿಯಂ ಪಿಟ್ ಅಲ್ಲಿಂದಲೇ ಸದಸ್ಯರಾದರು. 1832ರಲ್ಲಿ ಆ ಕ್ಷೇತ್ರ ರದ್ದಾಯಿತು. ಗುಪ್ತ ಮತದಾನ ಬಂದದ್ದು 1872ರಲ್ಲಿ.

ನಮ್ಮಲ್ಲೂ ಮನೆತನದ ಹೆಸರಿಗೆ ಬೆಲೆಯಿದೆ. ರಾಜಮನೆತನದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಮೈಸೂರಿನಿಂದ ನಾಲ್ಕು ಬಾರಿ ಲೋಕಸಭೆಗೆ ಗೆದ್ದರು. ಆದರೆ 1991 ಮತ್ತು 2004ರಲ್ಲಿ ಅದೇ ಕ್ಷೇತ್ರದ ಜನ ಅವರನ್ನು ಸೋಲಿಸಿದರು. ಲಕ್ಷಾಂತರ ಜನರ ಗುಟ್ಟಿನ ಓಟನ್ನು ದೊಡ್ಡ ಮನೆಯವರೂ ಕೇಳಿಯೇ ಪಡೆಯಬೇಕು.

ಬೆಟ್ಟದ ಮೇಲಿನ ಶಾಸನ ತುಂಬಾ ಸವೆದಿದೆ. ದೊಡ್ಡವರಿಗಷ್ಟೇ ಅಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಫಲ ಸಿಗುತ್ತದೆ ಎಂಬುದು ಅದರ ಸಾರವಂತೆ.

ಸಂಜೆ ಇದನ್ನೆಲ್ಲ ದಾದಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಕೇಳಿದರು: "ನಾನು ಯಾರಿಗೆ ಒತ್ತಿದೆ ಅಂತ ಸಾಹುಕಾರರಿಗೆ ನಿಜವಾಗಿಯೂ ಗೊತ್ತಾಗಲ್ವಾ?"