ಹೆಬ್ಬೆರಳುದ್ದದ ಸಿಪಾಯಿಗಳು

ಕಳೆದ ಮಳೆಗಾಲದ ಐದು ವಾರ ನಮ್ಮ ಮನೆಯ ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿರಲಿಲ್ಲ. ಟಿಪ್ಪು ಸುಲ್ತಾನನ ಇಪ್ಪತ್ತು ಸಿಪಾಯಿಗಳೂ ಈಸ್ಟ್ ಇಂಡಿಯಾ ಕಂಪನಿಯ ಇಪ್ಪತ್ತು ಸಿಪಾಯಿಗಳೂ ಸೋಡಾ ಬಾಟಲಿಯ ಮುಚ್ಚಳಗಳ ಮೇಲೆ ಅಂಟಿಕೊಂಡು, ಬಣ್ಣಕ್ಕಾಗಿ ಕಾಯುತ್ತ ಅಲ್ಲಿ ನಿಂತಿದ್ದರು. ಒಬ್ಬೊಬ್ಬನ ಎತ್ತರ ಸುಮಾರು 28 ಮಿಲಿಮೀಟರ್, ಅಂದರೆ ಹೆಬ್ಬೆರಳಿನ ಮೇಲಿನ ಗೆಣ್ಣಿನಷ್ಟು. ಅವರನ್ನು ಎಬ್ಬಿಸುವಂತಿರಲಿಲ್ಲ. ನಾವೇ ನೆಲದ ಮೇಲೆ ದಸ್ತರ್‌ಖಾನ್ ಹಾಸಿಕೊಂಡು ಉಂಡೆವು.

ನಾವು ಎಂದರೆ ಅಮ್ಮಾ, ಮನೆಯಾಕೆ, ಕಥೆ ಬರೆಯುವ ಈ ಆಸಾಮಿ, ಮತ್ತು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಿಂದ ರಜೆಗೆ ಬಂದಿದ್ದ ತಂಗಿಯ ಮಗ. ಹುಡುಗನಿಗೆ ಹದಿನಾರು. ಆ ಕೆಲಸವನ್ನು ಯಾರೊಬ್ಬರೂ ಒಂಟಿಯಾಗಿ ಮಾಡಲಿಲ್ಲ. ಆದ್ದರಿಂದ ಇಲ್ಲಿ ‘ನಾನು’ ಎಂದು ಬರೆಯಲು ಕೈ ಒಪ್ಪುತ್ತಿಲ್ಲ.

ಪುಟ್ಟ ಸಿಪಾಯಿಗಳಿಗೆ ಬಣ್ಣ ಹಚ್ಚಿ, ಮೇಜಿನ ಮೇಲೆ ಗುಡ್ಡ, ಹಳ್ಳ, ಕೋಟೆ ನಿಲ್ಲಿಸಿ, ಅಳತೆ ಪಟ್ಟಿ ಹಿಡಿದು ದಾಳ ಉರುಳಿಸಿ ಯುದ್ಧವಾಡುವ ಹವ್ಯಾಸವೊಂದಿದೆ. ಪ್ರಷ್ಯದ ಸೈನ್ಯಾಧಿಕಾರಿ ರೈಸ್ವಿಟ್ಸ್ ಎಂಬಾತ 1824ರಲ್ಲಿ ಅಧಿಕಾರಿಗಳ ತರಬೇತಿಗೆಂದು ಇಂಥ ಆಟದ ನಿಯಮಗಳನ್ನು ಪ್ರಕಟಿಸಿದ. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಅದನ್ನು ಮನೆಯ ನೆಲಕ್ಕೆ ಇಳಿಸಿದ. ದೊಡ್ಡವರು ಗೊಂಬೆಗಳಲ್ಲೇ ಯುದ್ಧದ ಹುಚ್ಚು ತೀರಿಸಿಕೊಳ್ಳಲಿ ಎಂಬುದು ಅವನ ಆಸೆ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. 1983ರಲ್ಲಿ ಬಂದ ‘ವಾರ್‌ಹ್ಯಾಮರ್’ ಎಂಬ ಆಟ ಈ ಹವ್ಯಾಸವನ್ನು ಜಗತ್ತಿಗೆಲ್ಲ ಹಬ್ಬಿಸಿತು. ಅದನ್ನು ಮಾಡುವ ಕಂಪನಿಯ ಕೇಂದ್ರ ಕಚೇರಿ ಇರುವುದು ನಾಟಿಂಗ್‌ಹ್ಯಾಮಿನಲ್ಲಿ. ಆ ಸುತ್ತಿನಲ್ಲಿ ಗೊಂಬೆ ಎರಕ ಹೊಯ್ಯುವ ಸಣ್ಣಪುಟ್ಟ ಕಂಪನಿಗಳು ಎಷ್ಟಿವೆಯೆಂದರೆ ಹವ್ಯಾಸಿಗಳು ಆ ಸೀಮೆಯನ್ನೇ ‘ಸೀಸದ ಪಟ್ಟಿ’ ಎಂದು ಕರೆಯುತ್ತಾರೆ. ಗಾಳಿ ಅದೇ ಆಗಿರುವಾಗ ನಮ್ಮ ಹುಡುಗ ಬೇರೇನು ಕಲಿತಾನು?

ಅವನ ಸಂಕಟ ಬೇರೆ ಇತ್ತು. ಅವನ ಕ್ಲಬ್ಬಿನಲ್ಲಿ ಹೆಚ್ಚಿನವರು ಅರವತ್ತು ದಾಟಿದ ಇಂಗ್ಲಿಷ್ ಮುದುಕರು, ಒಳ್ಳೆಯವರು. ಮೈಸೂರು ಯುದ್ಧದ ಆಟ ಎಂದು ಗೊತ್ತಾದಾಗ ಅವರಲ್ಲೊಬ್ಬರು ಪ್ರೀತಿಯಿಂದಲೇ, “ಟಿಪ್ಪುವಿನ ಕಡೆ ನೀನಿರು, ನಿನ್ನವರಲ್ಲವೇ” ಎಂದರಂತೆ. “ಮಾಮು, ನನ್ನ ಸೈನ್ಯ ಸೋತರೆ ಪರವಾಗಿಲ್ಲ. ಅವರ ಸೈನ್ಯದ ಪಕ್ಕ ನಿಂತಾಗ ಕೊಳಕಾಗಿ ಕಾಣಬಾರದು” ಎಂದ. ಆ ಮಾತಿನಲ್ಲಿದ್ದ ನೋವು ನಮಗೆ ಗೊತ್ತಿರುವಂಥದ್ದೇ.

ಕೆಲಸ ಶುರುವಾದದ್ದು ಸೋಲಿನಿಂದ. ಬಣ್ಣ ಲೋಹಕ್ಕೆ ಹಿಡಿಯಬೇಕಾದರೆ ಮೊದಲು ಪ್ರೈಮರ್ ಹೊಡೆಯಬೇಕು. ಸ್ಪ್ರೇ ಡಬ್ಬಿಯನ್ನು ವಿಮಾನದಲ್ಲಿ ತರುವಂತಿಲ್ಲ. ವಾಹನಗಳಿಗೆ ಬಣ್ಣ ಮಾರುವ ಅಂಗಡಿಯಿಂದ ಬೂದು ಪ್ರೈಮರ್ ತಂದು ಜಗಲಿಯಲ್ಲಿ ನಿಂತು ಹೊಡೆದೆವು. ಮಲೆನಾಡಿನ ಜುಲೈ ತಿಂಗಳು, ಗೋಡೆಯೇ ಬೆವರುವ ಕಾಲ. ತೇವದ ಗಾಳಿಯಲ್ಲಿ ಆ ಬಣ್ಣ ಗೊಂಬೆಯ ಮೇಲೆ ಸಣ್ಣ ರವೆಯಂತೆ ಕೂತಿತು. ಹತ್ತು ಸಿಪಾಯಿಗಳಿಗೆ ಒಂದೇ ಸಲ ಸಿಡುಬು ಬಂದಂತಾಯಿತು. ಲೋಹದ ಗೊಂಬೆಗಳಾದ್ದರಿಂದ ಅಸಿಟೋನಿನಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ಉಳಿಸಿಕೊಂಡೆವು. ಪ್ಲಾಸ್ಟಿಕ್ಕಾಗಿದ್ದರೆ ಕರಗಿಯೇ ಹೋಗುತ್ತಿದ್ದವು. ಆಮೇಲೆ ಸ್ಪ್ರೇ ಬಿಟ್ಟು ಕುಂಚದಲ್ಲೇ ಪ್ರೈಮರ್ ಹಚ್ಚಿದೆವು.

ಎರಡನೆಯ ಸೋಲು ದಪ್ಪ ಬಣ್ಣದ್ದು. ಬಾಟಲಿಯಿಂದ ತೆಗೆದ ಬಣ್ಣವನ್ನು ಹಾಗೇ ಹಚ್ಚಿದರೆ ಗೊಂಬೆಯ ಗುಂಡಿ, ಬೆರಳು, ಮೂಗು ಎಲ್ಲ ಮುಚ್ಚಿಹೋಗುತ್ತವೆ. ಅದನ್ನು ಹಾಲಿನಷ್ಟು ತೆಳುವಾಗುವಂತೆ ನೀರಿನಲ್ಲಿ ಕದಡಿ, ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು ಪದರ ಹಚ್ಚಬೇಕು. ಮೊದಲ ಪದರ ಹಚ್ಚಿದಾಗ ಅಲ್ಲಲ್ಲಿ ತಳ ಕಾಣುತ್ತ, ಕೆಲಸ ಕೆಟ್ಟಿತು ಎನ್ನಿಸುತ್ತದೆ. ಆಗ ಕೈ ತಡೆದು ಕಾಯುವವನೇ ಈ ವಿದ್ಯೆ ಕಲಿಯುತ್ತಾನೆ. ಉರ್ದು ಶಾಲೆಯಲ್ಲಿ ಮುಲ್ತಾನಿ ಮಿಟ್ಟಿ ಸವರಿದ ಹಲಗೆಯ ಮೇಲೆ ಜೊಂಡಿನ ಕಲಮಿನಿಂದ ಬರೆಯುವಾಗ ಉಸ್ತಾದರು, “ಮಸಿ ಹೆಚ್ಚಾದರೆ ಅಕ್ಷರ ಮುಳುಗುತ್ತದೆ” ಎಂದು ಬೆರಳಿಗೆ ಹೊಡೆಯುತ್ತಿದ್ದರು. ಮುಂದೆ ಕನ್ನಡ ಶಾಲೆಗೆ ಹೋದ ಮೇಲೆ ಆ ಪಾಠ ಮರೆತಿತ್ತು. ನಲವತ್ತು ದಾಟಿ ಕನ್ನಡಕ ಬಂದ ಮೇಲೆ ಮತ್ತೆ ಕಲಿತೆವು.

ಬಣ್ಣ ಬೇಗ ಒಣಗದಿರಲು ಹುಡುಗ ಒಂದು ಉಪಾಯ ಹೇಳಿಕೊಟ್ಟ. ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಬೇಕರಿಯವರು ಬಳಸುವ ಕಾಗದ ಇಟ್ಟು, ಬಣ್ಣವನ್ನು ಆ ಕಾಗದದ ಮೇಲೆ ಕಲಸುವುದು. ತಳದಿಂದ ತೇವ ಏರುತ್ತಿರುವುದರಿಂದ ಬಣ್ಣ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಕುಂಚದ ಬಗ್ಗೆಯೂ ನಮ್ಮ ತಿಳಿವಳಿಕೆ ತಪ್ಪಾಗಿತ್ತು. ಸಣ್ಣ ಕೆಲಸಕ್ಕೆ ಅತಿ ಸಣ್ಣ ಕುಂಚವೇ ಬೇಕು ಎಂದುಕೊಂಡಿದ್ದೆವು. ನಾಲ್ಕೇ ಕೂದಲಿನ ಕುಂಚದಲ್ಲಿ ಬಣ್ಣ ಗೊಂಬೆಗೆ ಮುಟ್ಟುವ ಮೊದಲೇ ಒಣಗುತ್ತದೆ. ಹೊಟ್ಟೆ ತುಂಬಿದ, ಆದರೆ ತುದಿ ಚೂಪಾದ ಕುಂಚ ಇರಬೇಕು. ಎರಡೂ ಮಣಿಕಟ್ಟುಗಳನ್ನು ಒಂದಕ್ಕೊಂದು ಆನಿಸಿ ಹಿಡಿದರೆ ಕೈ ನಡುಗುವುದು ಅರ್ಧಕ್ಕರ್ಧ ಕಡಿಮೆ.

ಇಷ್ಟು ಚಿಕ್ಕ ಗೊಂಬೆಗೆ ನೆರಳು ಬೆಳಕನ್ನು ನಾವೇ ಯಾಕೆ ಬರೆಯಬೇಕು, ದೀಪದ ಬೆಳಕು ಸಾಲದೇ ಎಂದು ಮನೆಯಾಕೆ ಕೇಳಿದಳು. ಸಾಲದು. ನಿಜವಾದ ಅಂಗಿಯ ಮಡಿಕೆಯಲ್ಲಿ ಬೀಳುವ ನೆರಳು ಗೊಂಬೆಯ ಮಡಿಕೆಯಲ್ಲಿ ಬೀಳುವುದಿಲ್ಲ, ಮಡಿಕೆ ಅಷ್ಟು ಆಳವಿಲ್ಲ. ಅದಕ್ಕೇ ತಳಬಣ್ಣದ ಮೇಲೆ ನೀರಿನಂಥ ಕಡುಬಣ್ಣವನ್ನು ಹರಿಯಬಿಡುತ್ತಾರೆ. ಅದು ತಗ್ಗಿನಲ್ಲಿ ನಿಂತು ನೆರಳಾಗುತ್ತದೆ. ಆಮೇಲೆ ಉಬ್ಬಿದ ಜಾಗಕ್ಕೆ ಮಾತ್ರ ಮೊದಲಿನ ಬಣ್ಣ, ಕೊನೆಗೆ ಅಂಚಿಗೆ ಅದಕ್ಕಿಂತ ತಿಳಿಯಾದದ್ದು. ಗಡ್ಡ, ತುಪ್ಪಳದಂಥವಕ್ಕೆ ಕುಂಚದ ಬಣ್ಣವನ್ನು ಕಾಗದಕ್ಕೆ ಪೂರಾ ಒರೆಸಿ, ಉಳಿದ ಒಣ ಪುಡಿಯಂಥದ್ದನ್ನು ಮೇಲಷ್ಟೇ ಸವರಿದರೆ ಒಂದೊಂದು ಎಳೆಯೂ ಎದ್ದು ಕಾಣುತ್ತದೆ.

ತೊಡಕು ಬಂದದ್ದು ಮುಖಕ್ಕೆ. ಹುಡುಗನ ಬಣ್ಣದ ಬಾಟಲಿಯೊಂದರ ಮೇಲೆ ‘ಫ್ಲೆಶ್’, ಅಂದರೆ ‘ಮೈಬಣ್ಣ’ ಎಂದು ಬರೆದಿತ್ತು. ಅದು ತಿಳಿಗುಲಾಬಿ. ನಮ್ಮ ಮಕ್ಕಳೂ ಕ್ರೆಯಾನ್ ಡಬ್ಬಿಯಲ್ಲಿ ಅದೇ ಕಡ್ಡಿಯನ್ನು ‘ಸ್ಕಿನ್ ಕಲರ್’ ಎನ್ನುತ್ತಾರೆ, ಆ ಬಣ್ಣದ ಚರ್ಮ ಮನೆಯಲ್ಲಿ ಒಬ್ಬರಿಗೂ ಇಲ್ಲದಿದ್ದರೂ. ಅಮೆರಿಕದ ಕ್ರೆಯೋಲಾ ಕಂಪನಿ 1962ರಲ್ಲೇ ತನ್ನ ‘ಫ್ಲೆಶ್’ ಕಡ್ಡಿಯ ಹೆಸರನ್ನು ‘ಪೀಚ್’ ಎಂದು ಬದಲಿಸಿತ್ತು. ನಾವು ಇನ್ನೂ ಬದಲಿಸಿಲ್ಲ.

ಟಿಪ್ಪುವಿನ ಸಿಪಾಯಿಗಳಿಗೆ ಕಂದು ಹಚ್ಚಿ, ಕೆನ್ನೆ ಮೂಗಿನ ಮೇಲೆ ಬೆಳಕಿಗೆಂದು ಅದಕ್ಕೆ ಬಿಳಿ ಬೆರೆಸಿದೆವು. ಅಮ್ಮಾ ಬಂದು ನೋಡಿ, “ಇದೇನು ಬೇಟಾ, ಮುಖಕ್ಕೆ ಸುಣ್ಣ ಬಳಿದುಕೊಂಡು ಜಂಗಿಗೆ ಹೊರಟಿದ್ದಾರೆ?” ಎಂದರು. ಸರಿಯಾಗಿಯೇ ಹೇಳಿದ್ದರು. ಕಂದು ಚರ್ಮದ ಬೆಳಕು ಬಿಳಿಯಲ್ಲ, ಬಿಳಿ ಬೆರೆಸಿದರೆ ಬೂದಿ ಬಡಿದಂತಾಗುತ್ತದೆ. ಅದಕ್ಕೆ ಬೇಕಾದದ್ದು ಕಾವಿ, ಜೇನು, ಸ್ವಲ್ಪ ಕಿತ್ತಳೆ. ನೆರಳಿಗೂ ಕಪ್ಪಲ್ಲ, ಕೆಂಪು ಬೆರೆತ ಕಡುಕಂದು. ಹುಡುಗ ತನ್ನ ನಾನಿಯನ್ನು ಕಿಟಕಿಯ ಪಕ್ಕ ಕೂರಿಸಿ, ಕೆನ್ನೆಯ ಮೇಲೆ ಬೆಳಕು ಎಲ್ಲಿ ಬೀಳುತ್ತದೆ, ಕಣ್ಣ ಕೆಳಗೆ ಯಾವ ಬಣ್ಣವಿದೆ ಎಂದು ನೋಡಿ ನೋಡಿ ಕಲಸಿದ. ಒಂದೇ ಮುಖದಲ್ಲಿ ಐದು ಬಣ್ಣ ಸಿಕ್ಕವು. ಅಷ್ಟು ಹೊತ್ತು ಯಾರಾದರೂ ತಮ್ಮ ಮುಖ ನೋಡಿ ಎಷ್ಟು ವರ್ಷವಾಗಿತ್ತೋ, ಅಮ್ಮಾ ಸೆರಗು ಸರಿಮಾಡಿಕೊಳ್ಳುತ್ತ ಕೂತಿದ್ದರು.

ಅಮ್ಮಾ ಒಪ್ಪಿದ್ದೂ ಒಂದು ಷರತ್ತಿನ ಮೇಲೆಯೇ. ಜೀವವಿರುವುದರ ರೂಪ ಮಾಡಿದವನನ್ನು ಕಿಯಾಮತ್ತಿನ ದಿನ ಅದಕ್ಕೆ ರೂಹ್ ತುಂಬು ಎಂದು ಕೇಳಲಾಗುತ್ತದೆ ಎಂಬ ಭಯ ಅವರದು. ಹಜ್ರತ್ ಆಯಿಶಾ ಚಿಕ್ಕಂದಿನಲ್ಲಿ ಗೊಂಬೆಯಾಡಿದ್ದು ಹದೀಸಿನಲ್ಲಿದೆ ಎಂದು ನಾವು ವಾದಿಸಿದೆವು. ಕೊನೆಗೆ, “ಆಟಕ್ಕಾದರೆ ಆಗಲಿ, ಕಣ್ಣು ಮಾತ್ರ ಬರೆಯಬೇಡಿ” ಎಂದರು. ಹುಡುಗ ನಕ್ಕ. ಅವನ ಕ್ಲಬ್ಬಿನ ಮುದುಕರ ಸಲಹೆಯೂ ಅದೇ ಆಗಿತ್ತು! ಇಷ್ಟು ಚಿಕ್ಕ ಮುಖಕ್ಕೆ ಬಿಳಿ ಹಚ್ಚಿ ನಡುವೆ ಚುಕ್ಕಿ ಇಟ್ಟರೆ ಭೂತ ಕಂಡು ಬೆಚ್ಚಿದವನಂತೆ ಆಗುತ್ತದೆ. ಹುಬ್ಬಿನ ಕೆಳಗೆ ಕಡುನೆರಳು ಬಿಟ್ಟರೆ ಸಾಕು, ಒಂದು ಮೊಳ ದೂರದಿಂದ ನೋಡುವವನ ಕಣ್ಣೇ ಅಲ್ಲಿ ಕಣ್ಣನ್ನು ಇಡುತ್ತದೆ. ನಾಟಿಂಗ್‌ಹ್ಯಾಮೂ ನಮ್ಮ ಅಮ್ಮಾನೂ ಒಂದು ವಿಷಯದಲ್ಲಾದರೂ ಒಮ್ಮತಕ್ಕೆ ಬಂದರು.

ಟಿಪ್ಪುವಿನ ಪಡೆಯ ಸಮವಸ್ತ್ರ ನೇರಳೆ ಬಟ್ಟೆ, ಮೇಲೆ ಬಿಳಿಯ ಬಬ್ರಿ, ಅಂದರೆ ಹುಲಿಪಟ್ಟೆ. ಅದು ಎಷ್ಟು ಬರೆದರೂ ಜೀಬ್ರಾದಂತೆ ಆಗುತ್ತಿತ್ತು. ಒಂದು ಭಾನುವಾರ ಶ್ರೀರಂಗಪಟ್ಟಣಕ್ಕೆ ಹೋದೆವು. ಗುಂಬಜಿನ ಒಳಗೋಡೆಯ ತುಂಬ ಆ ಪಟ್ಟೆಯೇ ಇದೆ. ಪಟ್ಟೆ ಎಂದರೆ ಗೆರೆಯಲ್ಲ, ನಡುವೆ ಉಬ್ಬಿ ತುದಿಯಲ್ಲಿ ಸೊರಗುವ ಉರಿಯ ನಾಲಗೆ. ಕಲಮನ್ನು ಒತ್ತಿ ಎತ್ತಿದಾಗ ಬೀಳುವ ಗುರುತಿನಂತೆಯೇ. ಅಲ್ಲಿಂದ ದರಿಯಾ ದೌಲತ್. 1784ರ ಆ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಗಾಯಗೊಂಡು ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಲಿ, ಸ್ಫೋಟಗೊಳ್ಳುತ್ತಿರುವ ಮದ್ದಿನ ಬಂಡಿ, ಸುತ್ತ ಕೆಂಪು ಕೋಟಿನವರ ಸಾಲು. ಇಂಗ್ಲಿಷರು ಸೋತ ಚಿತ್ರ ಅದು. ಆದರೆ 1799ರಲ್ಲಿ ಗೆದ್ದು ಬಂದು ಅಲ್ಲಿ ವಾಸವಿದ್ದ ವೆಲ್ಲೆಸ್ಲಿಯೇ ಅದನ್ನು ಸರಿಪಡಿಸಿಸಿದ. ಡಾಲ್‌ಹೌಸಿಯ ಕಾಲದಲ್ಲಿ ಮತ್ತೊಮ್ಮೆ ಬಣ್ಣ ಹಚ್ಚಲಾಯಿತು. ಪದರದ ಮೇಲೆ ಪದರ.

ಮನೆಗೆ ಬಂದ ಮೇಲೆ ಪಟ್ಟೆಗಳ ಸಂಖ್ಯೆ ಅರ್ಧ ಮಾಡಿ, ಒಂದೊಂದನ್ನೂ ದೊಡ್ಡದು ಮಾಡಿ, ಅಚ್ಚಬಿಳಿಯ ಬದಲು ತಿಳಿಬೂದು ಬಳಸಿದೆವು. ಸಿಪಾಯಿ ಎದ್ದು ನಿಂತ.

ಟಿಪ್ಪುವಿನ ಇಪ್ಪತ್ತು ಮಂದಿಗೆ ನಾಲ್ಕು ವಾರ ಹಿಡಿಯಿತು. ಹುಡುಗ ಹೊರಡಲು ಐದೇ ದಿನ ಉಳಿದಾಗ ಕಂಪನಿಯವರನ್ನು ಕೈಗೆತ್ತಿಕೊಂಡೆವು. ಅವನು ಮಲಗಿದ ಮೇಲೆ, ಅವನ ಭಾರ ಇಳಿಸೋಣ ಎಂದು ಹತ್ತು ಮುಖಗಳಿಗೆ ಆ ಗುಲಾಬಿ ಬಣ್ಣವನ್ನು ಸರಸರನೆ ಬಳಿದೆವು. ನೆರಳಿಲ್ಲ, ಬೆಳಕಿಲ್ಲ. ಫರಂಗಿಗಳು ತಾನೇ, ಇಷ್ಟು ಸಾಕು ಎಂಬ ಭಾವ. ಆಮೇಲೆ ಕಾಲಿಗೆ ಬಂದೆವು. ಮೊಣಕಾಲಿನವರೆಗೂ ಇಲ್ಲದ ಚಡ್ಡಿ, ಬರಿಗಾಲು, ಕೆಳಗೆ ಚಪ್ಪಲಿ. ತಲೆಯ ಮೇಲಿದ್ದದ್ದು ಟೋಪಿಯಲ್ಲ, ಪಗಡಿ. ಚಪ್ಪಲಿ ಮೆಟ್ಟಿ ಯುದ್ಧಕ್ಕೆ ಹೋಗುವ ಇಂಗ್ಲಿಷ್ ಸಿಪಾಯಿ ಯಾವನಿದ್ದಾನೆ?

ಅವರು ಮದ್ರಾಸಿನ ಸಿಪಾಯಿಗಳಾಗಿದ್ದರು. ಪೊಳ್ಳಿಲೂರಿನಲ್ಲಿ ಬೇಲಿಯ ಕೈಕೆಳಗೆ ಸತ್ತು ಸೆರೆಯಾದವರಲ್ಲೂ ಹೆಚ್ಚಿನವರು ಇವರೇ. ಅವರಲ್ಲಿ ಮುಸಲ್ಮಾನರಿದ್ದರು, ಹಿಂದೂಗಳಿದ್ದರು, ಟಿಪ್ಪುವಿನ ಕಡೆಯಲ್ಲಿ ಇದ್ದಂತೆಯೇ. ಕೋಟಿನ ಕೆಂಪು ನೋಡಿ ನಾವು ಮುಖದ ಬಣ್ಣ ತೀರ್ಮಾನ ಮಾಡಿದ್ದೆವು. ನಮ್ಮವರ ಮುಖಕ್ಕೆ ಐದು ಬಣ್ಣ, ಎದುರಿನವನಿಗೆ ಒಂದೇ ಎಂದುಕೊಂಡವರಿಗೆ ಎದುರಿನವನ ಕಾಲು ಪಾಠ ಕಲಿಸಿತು. ಈ ನಾಡಿನಲ್ಲಿ ಟಿಪ್ಪುವಿನ ಮಾತು ಬಂದಾಗಲೆಲ್ಲ ಆಗುವುದೂ ಇದೇ ಅಲ್ಲವೇ? ಸರ್ಕಾರ 2015ರಲ್ಲಿ ಜಯಂತಿ ಶುರುಮಾಡಿತು, 2019ರಲ್ಲಿ ನಿಲ್ಲಿಸಿತು. ಎರಡು ಸಲವೂ ಗದ್ದಲವಾಯಿತು. ಕರಿಯದೊಂದು ಪದರ, ಬಿಳಿಯದೊಂದು ಪದರ, ಎರಡೂ ದಪ್ಪ. ಕೆಳಗಿದ್ದ ಮೂಗು ಕಣ್ಣು ಮುಚ್ಚಿಹೋದವು.

ಬೆಳಿಗ್ಗೆ ಹುಡುಗನಿಗೆ ಹೇಳಿದೆವು. ಅವನು ಕೋಪಿಸಿಕೊಳ್ಳಲಿಲ್ಲ. ಕೆಂಪು ಕೋಟಿನ ಒಬ್ಬನನ್ನೂ ಹುಲಿಪಟ್ಟೆಯ ಒಬ್ಬನನ್ನೂ ಅಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದ. “ಹಾಗಾದರೆ ಮಾಮು, ನನ್ನವರು ಎರಡೂ ಕಡೆ ಇದ್ದರು” ಎಂದ. ಅಮ್ಮಾನನ್ನು ಮತ್ತೆ ಕಿಟಕಿಯ ಪಕ್ಕ ಕರೆದ. ಒದ್ದೆ ಬಟ್ಟೆಯ ಮೇಲಿನ ಅದೇ ಕಾಗದದಿಂದ, ಅದೇ ಕಾವಿ ಜೇನುಬಣ್ಣದಿಂದ ಕಂಪನಿ ಸಿಪಾಯಿಗಳ ಮುಖಗಳೂ ಬಂದವು. ಹತ್ತೊಂಬತ್ತು ಮುಗಿಯುವಷ್ಟರಲ್ಲಿ ಬ್ಯಾಗು ಕಟ್ಟುವ ಹೊತ್ತಾಯಿತು. ಕೊನೆಯವನನ್ನು ಇಲ್ಲೇ ಬಿಟ್ಟು ಹೋದ.

ಅವನು ಈಗ ನಮ್ಮ ಬರೆಯುವ ಮೇಜಿನ ಮೇಲೆ ಸೋಡಾ ಮುಚ್ಚಳದ ಮೇಲೆಯೇ ನಿಂತಿದ್ದಾನೆ. ಕಾಲು ಕಂದು, ಮುಖ ಗುಲಾಬಿ. ಬಣ್ಣ, ಕುಂಚ ಎರಡೂ ಮನೆಯಲ್ಲಿವೆ, ತಿದ್ದಲು ಅರ್ಧ ಗಂಟೆ ಸಾಕು. ತಿದ್ದಿಲ್ಲ. ಕಥೆ ಬರೆಯುವಾಗ ನಮ್ಮವನಲ್ಲದ ಪಾತ್ರವೊಂದು ಬಂದು, ಅದರ ಬಗ್ಗೆ ಕೈ ಸರಸರನೆ ಓಡತೊಡಗಿದರೆ, ಲೇಖನಿ ಕೆಳಗಿಟ್ಟು ಒಮ್ಮೆ ಅವನ ಕಾಲಿನತ್ತ ನೋಡುತ್ತೇವೆ.