ಬೇಲಿಯಂಚಿನ ಬಿಳಿ ಹೂವು

ಜತ್ತ ತಾಲೂಕಿನ ಕನ್ನಡ ಶಾಲೆಯೊಂದರ ಐದನೆಯ ತರಗತಿಯ ಹುಡುಗಿ ಸ್ವಾತಂತ್ರ್ಯೋತ್ಸವದ ದಿನ ಭಾಷಣಕ್ಕೆ ನಿಂತಳು. ಎರಡು ವಾಕ್ಯ ಮುಗಿಯುವಷ್ಟರಲ್ಲಿ ಸೀನು ಒಂದರ ಮೇಲೊಂದು ಬಂದವು. ಕಣ್ಣು ಕೆಂಪಾಗಿ, ಮೂಗು ಸೋರಿ, ಉಳಿದ ಮಾತು ಗಂಟಲಲ್ಲೇ ನಿಂತಿತು. ಮಕ್ಕಳು ನಕ್ಕರು. ಮನೆಗೆ ಬಂದವಳು ಆಡಿದ್ದು ಒಂದೇ ಮಾತು: “ಇನ್ನ ಮ್ಯಾಲೆ ನಾ ಭಾಷಣ ಮಾಡಂಗಿಲ್ಲವ್ವಾ.”

ಮಳೆಗಾಲ ಬಂತೆಂದರೆ ಆ ಮನೆಗೆ ಇದು ಪ್ರತಿವರ್ಷದ ಗೋಳು. ನೆಗಡಿಯೆಂದು ಬಗೆದು ಅಜ್ಜಿ ಶುಂಠಿ, ಮೆಣಸು, ತುಳಸಿಯ ಕಷಾಯ ಕುದಿಸುತ್ತಿದ್ದಳು. ಗಂಟಲಿಗೆ ಹಿತವಾಗುತ್ತಿತ್ತು, ಸೀನು ನಿಲ್ಲುತ್ತಿರಲಿಲ್ಲ. ಜ್ವರವಿಲ್ಲ, ಮೈನೋವಿಲ್ಲ, ಕಣ್ಣು ಮೂಗಿನ ತುರಿಕೆ ಮಾತ್ರ ವಾರಗಟ್ಟಲೆ. ಇದು ನೆಗಡಿಯಲ್ಲ, ಅಲರ್ಜಿ ಎಂದು ವೈದ್ಯರು ಹೇಳಿದ ಮೇಲೆ ತಾಯಿ ಶಾಲೆಯ ಬೇಲಿಯತ್ತ ಕಣ್ಣು ಹಾಯಿಸಿದಳು. ಅಲ್ಲಿ ಸೊಂಟದೆತ್ತರದ ಗಾಜರ ಗವತ ಬೆಳ್ಳಗೆ ಅರಳಿ ನಿಂತಿತ್ತು.

ಎಲೆ ಗಜ್ಜರಿಯ ಎಲೆಯಂತಿರುವುದರಿಂದ ಮರಾಠಿಯಲ್ಲಿ ಆ ಹೆಸರು. ಕನ್ನಡದಲ್ಲಿ ಅದು ಕಾಂಗ್ರೆಸ್ ಹುಲ್ಲು, ಶಾಸ್ತ್ರದಲ್ಲಿ ಪಾರ್ಥೇನಿಯಂ. ಅಮೆರಿಕ ಖಂಡದ ಈ ಕಳೆ ನಮ್ಮ ದೇಶದಲ್ಲಿ 1955ರ ಹೊತ್ತಿಗೆ ಪುಣೆಯಲ್ಲಿ ಗುರುತಿಗೆ ಬಂದಿತು. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಅದರ ಪರಾಗ ಕೆಲವರ ಮೂಗು, ಕಣ್ಣು, ಶ್ವಾಸಕೋಶವನ್ನು ಕೆರಳಿಸುತ್ತದೆ. ಗಿಡ ತಾಗಿದರೆ ಚರ್ಮವೂ ತುರಿಸುತ್ತದೆ.

ಅಂದಿನಿಂದ ಮನೆಯ ರೂಢಿ ಬದಲಾಯಿತು. ಶಾಲೆಯಿಂದ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಿಸುವುದು. ಹೂವಿನ ಕಾಲದಲ್ಲಿ ಹಾಸಿಗೆಯ ಬಟ್ಟೆಯನ್ನು ಅಂಗಳದಲ್ಲಿ ಒಣಗಿಸದಿರುವುದು. ಕುದಿಸಿ ಆರಿಸಿದ 250 ಮಿಲಿಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ, ಉಗುರುಬೆಚ್ಚಗಿರುವಾಗ ಮೂಗು ತೊಳೆಯುವುದು. ಯೋಗಾಭ್ಯಾಸಿಗಳು ಇದನ್ನೇ ಜಲನೇತಿ ಎನ್ನುತ್ತಾರೆ. ಹುಡುಗಿಗೆ ಉಸಿರು ಹಗುರಾಯಿತು.

ಒಂದು ರಾತ್ರಿ ಮಾತ್ರ ಅವಳ ಎದೆಯಲ್ಲಿ ಸುಂಯ್‌ಸುಂಯ್ ಸದ್ದು ಕೇಳಿತು. ಮಾತಾಡಲೂ ಉಸಿರು ಸಾಲದು. ಅಜ್ಜಿ ಹಬೆ ಕೊಡಲು ಬಿಸಿನೀರಿನ ಪಾತ್ರೆ ತಂದಳು. ತಾಯಿ ಅದನ್ನು ಬದಿಗಿಟ್ಟು, “ಇದು ಕಷಾಯದ ಹೊತ್ತಲ್ರೀ, ಅತ್ತಿ,” ಎಂದು ಮಗಳನ್ನೆತ್ತಿಕೊಂಡು ಆಸ್ಪತ್ರೆಗೆ ನಡೆದಳು. ಹಿಂದೆಯೇ ಅಜ್ಜಿಯೂ ಕಂಬಳಿ ಹಿಡಿದು ಹೊರಟಳು. ವೈದ್ಯರು ಕೊಟ್ಟ ಇನ್ಹೇಲರ್ ಮರುದಿನದಿಂದ ದೇವರ ಗೂಡಿನ ಪಕ್ಕದಲ್ಲಿ, ಕೈಗೆಟಕುವಂತೆ ಇತ್ತು. ಹೊತ್ತು ತಪ್ಪದಂತೆ ನೆನಪಿಸುವವಳು ಅಜ್ಜಿಯೇ.

ಮರುವರ್ಷದ ಮೊದಲ ಮಳೆಗಳಿಗೆ ಮಣ್ಣು ನೆನೆದಾಗ, ಹೂ ಬಿಡುವ ಮುನ್ನವೇ, ಪಾಲಕರು ಸೇರಿದರು. ಕೈಗವಸು ತೊಟ್ಟು, ಮೂಗಿಗೆ ಬಟ್ಟೆ ಕಟ್ಟಿ ಬೇರುಸಹಿತ ಕಿತ್ತರು. ತೆರವಾದ ನೆಲದಲ್ಲಿ ತಗಚೆಯ ಬೀಜ ಚೆಲ್ಲಿದರು. ದಟ್ಟವಾಗಿ ಬೆಳೆದು ಅದು ಪಾರ್ಥೇನಿಯಂ ಸಸಿಗಳನ್ನು ಹತ್ತಿಕ್ಕುತ್ತದೆ. ಅಲರ್ಜಿಯಿದ್ದವರು ಕೀಳಲು ಬರಬಾರದೆಂದು ಹುಡುಗಿಯನ್ನು ಮನೆಯಲ್ಲೇ ಉಳಿಸಿದ್ದರು. ಅವಳು ಕನ್ನಡಿಯ ಮುಂದೆ ಭಾಷಣ ಬಾಯಿಪಾಠ ಮಾಡುತ್ತಿದ್ದಳು.

ಸುತ್ತಲ ಹೊಲಗಳ ಗಾಳಿಗೆ ಬೇಲಿಯಿಲ್ಲ. ಆಗಸ್ಟ್ 15ರಂದು ಅವಳು ಎರಡು ಸಲ ಸೀನಿದಳು. ಕರವಸ್ತ್ರದಿಂದ ಮೂಗೊರೆಸಿಕೊಂಡು, ಬಿಟ್ಟಲ್ಲಿಂದಲೇ ಮಾತು ಎತ್ತಿಕೊಂಡಳು. ಈ ಸಲ ಕೊನೆಯವರೆಗೂ ಆಡಿದಳು.