ಬದಲಿ ಹೆಸರು

ಹಳೆಯ ಬಿಯರ್ ಜಾಹೀರಾತುಗಳು ನನ್ನ ಪಿಎಚ್‌.ಡಿ.ಯ ಒಂದು ಅಧ್ಯಾಯ ಎಂದರೆ ಕೊಲ್ಲೂರಿನಲ್ಲಿ ಯಾರೂ ನಂಬುವುದಿಲ್ಲ. ದೇವಸ್ಥಾನದೂರಿನ ಹುಡುಗಿ ಓದುವುದಕ್ಕೆ ಬೇರೇನೂ ಸಿಗಲಿಲ್ಲವೇ ಎನ್ನುತ್ತಾರೆ.

ನ್ಯೂಯಾರ್ಕಿನವರಿಗೆ ಒಂದು ಕಾಲದಲ್ಲಿ ರೈನ್‌ಗೋಲ್ಡ್ ಎಂಬ ಊರಿನ ಬಿಯರ್ ಇತ್ತು. 1940ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ವರ್ಷಕ್ಕೊಬ್ಬಳು ‘ಮಿಸ್ ರೈನ್‌ಗೋಲ್ಡ್’. ಅಂಗಡಿ, ಬಾರುಗಳಲ್ಲಿ ಗಿರಾಕಿಗಳೇ ಮತ ಹಾಕಿ ಆರಿಸುತ್ತಿದ್ದರು. ಗಾಯಕ ನ್ಯಾಟ್ ಕಿಂಗ್ ಕೋಲ್ ಕೂಡ ಅದರ ಜಾಹೀರಾತಿನಲ್ಲಿದ್ದರು. 1976ರಲ್ಲಿ ಬ್ರೂಕ್ಲಿನ್ನಿನ ಕಾರ್ಖಾನೆ ಮುಚ್ಚಿತು. ಆ ಚಿತ್ರಗಳನ್ನು ನೋಡುವಾಗ ನನಗೆ ಹೊಟ್ಟೆಕಿಚ್ಚಾಗುವುದು ಒಂದಕ್ಕೇ: ಅಲ್ಲಿ ಬಿಯರನ್ನು ಬಿಯರ್ ಎಂದೇ ಕರೆದಿದ್ದಾರೆ.

ನಮ್ಮದು ಬೇರೆ ಕತೆ. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ಕಟ್ಟಿದ ಯುನೈಟೆಡ್ ಬ್ರೂವರೀಸ್, ಬಂಟ್ವಾಳ ಮೂಲದ ವಿಟ್ಠಲ ಮಲ್ಯರ ಕೈಗೆ ಬಂತು. 1978ರಲ್ಲಿ ಕಿಂಗ್‌ಫಿಶರ್ ಬಂತು. 2000ದಲ್ಲಿ ಕೇಬಲ್ ಟಿ.ವಿ. ನಿಯಮ ಬದಲಾಗಿ ಮದ್ಯದ ಜಾಹೀರಾತಿಗೆ, ಸುತ್ತುಬಳಸಿನದಕ್ಕೂ, ನಿಷೇಧ ಬಿತ್ತು. ಆಮೇಲೆ ಹಕ್ಕಿ ನೀರಿನ ಬಾಟಲಿಯ ಮೇಲೆ ಕೂತಿತು, 2003ರಲ್ಲಿ ಕ್ಯಾಲೆಂಡರಿನ ಮೇಲೆ, 2005ರಲ್ಲಿ ವಿಮಾನದ ಮೇಲೆ. 2006ರ ಕ್ಯಾಲೆಂಡರಿನಲ್ಲಿ ದೀಪಿಕಾ ಪಡುಕೋಣೆ ಇದ್ದರು. ಆ ಪಡುಕೋಣೆ ನಮ್ಮ ಬೈಂದೂರು ತಾಲ್ಲೂಕಿನದೇ ಊರು. ಕೊಲ್ಲೂರನ್ನು ಹಾದುಹೋಗುವ ಸೌಪರ್ಣಿಕೆಯೇ ಮರವಂತೆಯ ಬಳಿ ಅದರ ದಡಕ್ಕೂ ಮುಟ್ಟುತ್ತದೆ. ‘ನಮ್ಮೂರ್ ಹೆಣ್ಣ್’ ಎಂದು ಹೆಮ್ಮೆಪಡುವ ಎಷ್ಟೋ ಜನರಿಗೆ ಆ ಕ್ಯಾಲೆಂಡರ್ ಯಾವ ಸರಕಿನದು ಎಂದು ಕೇಳಿದರೆ ನಗು ಬರುತ್ತದೆ, ಉತ್ತರ ಬರುವುದಿಲ್ಲ.

ಸರಕು ಒಂದು, ಹೆಸರು ಇನ್ನೊಂದು. ಈ ವಿದ್ಯೆ ನಮ್ಮ ಮನೆಗೂ ಗೊತ್ತಿತ್ತು. ಸಣ್ಣ ಮಾವ ಬೆಂಗಳೂರಿನಲ್ಲಿ ‘ಹೋಟ್ಲಲ್ಲಿ’ ಇದ್ದರು. ಕುಂದಾಪುರದ ಕಡೆಯ ಅರ್ಧ ಗಂಡಸರು ಬೆಂಗಳೂರು, ಮುಂಬೈಯ ಹೋಟೆಲುಗಳಲ್ಲೇ ಇರುವುದರಿಂದ ಯಾರೂ ಮುಂದೆ ಕೇಳುವುದಿಲ್ಲ. ಅದು ಬಾರ್. ಮಾವ ಕ್ಯಾಶಿಯರ್. ನನ್ನ ಎಂ.ಎ. ಫೀಸು ಆ ಗಲ್ಲೆಯಿಂದ ಬಂದದ್ದು. ಊರಿಗೆ ಬರುವಾಗ ಅವರು ತಂದ ಮಿಂಚುಳ್ಳಿ ಚಿತ್ರದ ಎತ್ತರದ ಲೋಟಗಳಲ್ಲಿ ಅಮ್ಮಮ್ಮ ನವರಾತ್ರಿಗೆ ಪಾಯಸ ಕೊಡುತ್ತಿದ್ದರು. ‘ಹಕ್ಕಿ ಲಾಯ್ಕ್ ಇತ್ತ್’ ಎಂಬುದಷ್ಟೇ ಅವರ ಅಭಿಪ್ರಾಯ. ಗೊತ್ತಿಲ್ಲದೆ ಅಂದದ್ದೋ, ಗೊತ್ತಿದ್ದೇ ಅಂದದ್ದೋ! ಅಮ್ಮಮ್ಮ ದಡ್ಡಿಯಂತೂ ಆಗಿರಲಿಲ್ಲ.

ಕುಡಿಯುವವರು ಜಾಹೀರಾತು ನೋಡಿ ಬ್ರಾಂಡ್ ಕೇಳುತ್ತಾರೆಯೇ ಎಂದು ತಿಳಿಯಲು ನಾನು ಮಾವನನ್ನೇ ಸಂದರ್ಶನ ಮಾಡಿದೆ. ‘ಕ್ರಿಕೆಟ್ ಇದ್ದ್ ದಿನ ಕೇಂತ್ರ್’ ಎಂದರು. ಎರಡು ಗಂಟೆ ಮಾತಾಡಿ, ಕೊನೆಗೆ ದನಿ ತಗ್ಗಿಸಿ, ‘ಬಾರ್ ಅಂದೇಳಿ ಬರೀಬೇಡ. ಮಗಳ್ ಮದಿ ಒಂದ್ ಆಯ್ಲಿ’ ಎಂದರು.

ಮದುವೆ ಕಳೆದ ವೈಶಾಖದಲ್ಲಾಯಿತು. ಗಂಡಿನ ಕಡೆಯವರು ಮಾತುಕತೆಗೆ ಬಂದಾಗ ‘ಹೋಟೆಲ್ ಉದ್ಯಮ’ ಎಂದೇ ಹೇಳಿದ್ದೆವು. ಗಂಡಿನ ತಂದೆಯೂ ಮುಂಬೈಯಲ್ಲಿ ‘ಹೋಟೆಲ್ ಉದ್ಯಮ’ದಲ್ಲೇ ಇದ್ದವರಂತೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು.

ಹೋದ ವಾರ ಮಾವನಿಗೆ ಫೋನ್ ಮಾಡಿ ಕೇಳಿದೆ. ‘ಬರಿ’ ಎಂದರು. ಅಡಿಟಿಪ್ಪಣಿಯಲ್ಲಿ ಈಗ ‘ಬಾರ್ ಕ್ಯಾಶಿಯರ್, 22 ವರ್ಷ’ ಎಂದಿದೆ.